ಮೂರನೆಯ ಕಲ್ಲಿನ ಬಳಿ

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅದರ ಬೆನ್ನಿಗೆ ಬೋಳುಗುಡ್ಡ. ಗುಡ್ಡ ಹತ್ತುವ ದಾರಿಯಲ್ಲಿ ಹದಿನಾಲ್ಕು ಕಲ್ಲುಗಳು, ಪ್ರತಿಯೊಂದರ ಮೇಲೂ ಕೊರೆದ ಶಿಲುಬೆ.

ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹಾದಿಯ ನೆನಪಿಗೆ ಇಟ್ಟ ಕಲ್ಲುಗಳವು. ಮೂರನೆಯದು, ಏಳನೆಯದು, ಒಂಬತ್ತನೆಯದು ಅವರು ಬಿದ್ದ ಜಾಗಗಳು. ಶುಭ ಶುಕ್ರವಾರ ಮರದ ಶಿಲುಬೆ ಹೊತ್ತವನು ಆ ಮೂರು ಕಡೆ ಎರಡೂ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ, ಮತ್ತೆ ಎದ್ದು ನಡೆಯಬೇಕು. ಅದು ಅಲ್ಲಿನ ಪದ್ಧತಿ.

ಆಶ್ರಮದ ಗುರು ಅರುಳಪ್ಪಸ್ವಾಮಿ. ತುಂಬ ಮುದುಕರು. ಮಾತು ಕಡಿಮೆ, ಆಡಿದರೂ ಅರ್ಧ ಬಾಯಲ್ಲೇ ಉಳಿಯುತ್ತಿತ್ತು.

ಶಿಷ್ಯ ಚೌರಪ್ಪ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವನ ಎಡಗಾಲು ಸಣಕಲಾಗಿತ್ತು. ಹಟ ಮಾತ್ರ ಇಬ್ಬರಿಗಾಗುವಷ್ಟಿತ್ತು.

ಆ ವರ್ಷ ಶಿಲುಬೆ ಹೊರುವ ಸರದಿ ಅವನದು. ಹೊತ್ತವನನ್ನು ಹಬ್ಬ ಮುಗಿದ ಮೇಲೆ ಹೊಳೆಯಾಚೆಯ ಬೆಸ್ತರ ಊರಿಗೆ ಕಳಿಸುತ್ತಿದ್ದರು. ಅಲ್ಲಿನ ಜನಕ್ಕೆ ಪ್ರಾರ್ಥನೆ ಹೇಳಿಕೊಟ್ಟು, ಅವರ ಕಷ್ಟಸುಖಕ್ಕೆ ಆಗಿ ಬದುಕುವ ಕೆಲಸ. ಆರು ವರ್ಷದಿಂದ ಚೌರಪ್ಪ ಕಾಯುತ್ತಿದ್ದದ್ದು ಅದೊಂದನ್ನೇ.

ಒಂದು ಸಂಜೆ ಅವನು ಗುರುವಿನ ಹತ್ತಿರ ಬಂದು ಕೂತ.

"ಸ್ವಾಮಿ, ಈ ಕಾಲಿಗೆ ಬಲ ಕೊಡು ಅಂತ ದಿನಾ ಬೇಡ್ಕೊಳ್ತೀನಿ. ದೇವರಿಗೆ ಕೇಳಿಸ್ತಾನೇ ಇಲ್ಲ."

"ಕೇಳಿಸಿದೆ."

"ಹಾಗಾದ್ರೆ ಏನಂದ್ರು?"

"ಬೇಡ್ಕೊಂಡೋನು ನೀನು. ನನ್ನ ಕೇಳಿದ್ರೆ?"

ಚೌರಪ್ಪನಿಗೆ ಸಿಟ್ಟು ಬಂತು. ದೇವರು ಕೊಡದಿದ್ದರೆ ತಾನೇ ಸಂಪಾದಿಸುತ್ತೇನೆ ಅಂದುಕೊಂಡ. ಮರುದಿನದಿಂದ ಮರಳು ತುಂಬಿದ ಚೀಲ ಹೆಗಲಿಗೇರಿಸಿ ಒಬ್ಬನೇ ಗುಡ್ಡ ಹತ್ತತೊಡಗಿದ. ಹತ್ತುವುದೇನೋ ಸಾಧ್ಯವಾಯಿತು. ಮಂಡಿಯೂರಿದರೆ ಏಳುವುದು ಮಾತ್ರ ಆಗಲಿಲ್ಲ. ಪ್ರತಿ ಸಲವೂ ಚೀಲ ಕೆಳಗೆ ಹಾಕಿ, ಕಲ್ಲು ತಬ್ಬಿಕೊಂಡೇ ಏಳಬೇಕಾಯಿತು. ಇದನ್ನು ಯಾರಿಗೂ ಹೇಳಲಿಲ್ಲ.

ಶುಭ ಶುಕ್ರವಾರ ಬೆಳಗಾಯಿತು. ಹೊಳೆಯ ಮೇಲೆ ಮಂಜು ಕೂತಿತ್ತು. ಆಚೆ ದಡದಿಂದ ಹರಿಗೋಲುಗಳು ಒಂದೊಂದಾಗಿ ಮಂಜಿನೊಳಗಿಂದ ಬಂದವು. ಬೆಸ್ತರ ಊರಿನವರು ಸದ್ದಿಲ್ಲದೆ ಇಳಿದು ನಿಂತರು. ಯಾರ ಕಾಲೂ ಕಾಣುತ್ತಿರಲಿಲ್ಲ. ಎಲ್ಲರೂ ನೀರ ಮೇಲೇ ನಡೆದು ಬಂದವರ ಹಾಗಿದ್ದರು.

ಚೌರಪ್ಪ ಶಿಲುಬೆ ಹೊತ್ತ. ಹಾಡು ಶುರುವಾಯಿತು.

ಮೂರನೆಯ ಕಲ್ಲು ಬಂತು. ಬೆನ್ನ ಹಿಂದೆ ಅಷ್ಟೂ ಕಣ್ಣು. ಚೌರಪ್ಪ ಅರೆಗಳಿಗೆ ನಿಂತು, ತಲೆಯಷ್ಟೇ ಬಗ್ಗಿಸಿ ಮುಂದೆ ನಡೆದ. ಏಳನೆಯ ಕಲ್ಲಿನಲ್ಲೂ ಅಷ್ಟೇ. ಒಂಬತ್ತನೆಯದರಲ್ಲಿ ತಲೆಯನ್ನೂ ಬಗ್ಗಿಸಲಿಲ್ಲ.

ನೆತ್ತಿ ತಲುಪಿ ಶಿಲುಬೆ ಇಳಿಸಿದಾಗ ಅವನ ಎದೆ ಉಬ್ಬಿತ್ತು. ಎಲ್ಲೂ ಬಿದ್ದಿರಲಿಲ್ಲ.

ತಿರುಗಿ ನೋಡಿದರೆ ಗುರುಗಳೇ ಇಲ್ಲ.

ಕೆಳಗೆ, ಮಂಜು ಹರಿದ ಕಡೆ, ಒಂದು ಬಿಳಿತಲೆ ಕಂಡಿತು. ಅರುಳಪ್ಪಸ್ವಾಮಿ ಮೂರನೆಯ ಕಲ್ಲಿನ ಹತ್ತಿರ ನೆಲದ ಮೇಲೆ ಕೂತಿದ್ದರು.

ಚೌರಪ್ಪ ಕುಂಟುತ್ತ ಇಳಿದು ಬಂದ. ಜನರೂ ಹಿಂದೆ ಇಳಿದರು.

"ಸ್ವಾಮಿ, ಹುಷಾರಿಲ್ವಾ? ಇಲ್ಲೇ ಕೂತ್ಬಿಟ್ರಿ?"

"ಯೇಸುಸ್ವಾಮಿ ಇಲ್ಲಿ ಬಿದ್ರು. ಇನ್ನೂ ಎದ್ದಿಲ್ಲ. ಅವರನ್ನ ಬಿಟ್ಟು ಹೇಗಪ್ಪ ಬರಲಿ?"

ಚೌರಪ್ಪನ ಮುಖ ಕಪ್ಪಿಟ್ಟಿತು. ಬಗ್ಗಿ, ಗುರುವಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಮಂಡಿಯೂರಿದ್ರೆ ನನಗೆ ಏಳಕ್ಕಾಗಲ್ಲ, ಸ್ವಾಮಿ."

"ಗೊತ್ತು."

"ಎಲ್ಲಾ ನೋಡ್ತಿದ್ರು. ತಾನೇ ಏಳಲಾರದೋನು ನಮ್ಮನ್ನೇನು ಎಬ್ಬಿಸ್ತಾನೆ ಅನ್ನಲ್ವಾ?"

"ಶಿಲುಬೆ ಎಲ್ಲಿ?"

"ಮೇಲೆ."

"ತಗೊಂಡು ಬಾ."

ಅವನು ಹೋಗಿ ತಂದ. ಮೊದಲ ಸಲ ಹತ್ತುವಾಗ ಇಲ್ಲದ ಭಾರ ಈಗ ಇಳಿಯುವಾಗ ಇತ್ತು. ಮೂರನೆಯ ಕಲ್ಲಿನ ಮುಂದೆ ಬಂದು ಬಲಮಂಡಿ ಊರಿದ. ಎಡದ್ದನ್ನು ಊರಹೋದಾಗ ಕಾಲು ಮಡಚಿಕೊಂಡಿತು. ದೊಪ್ಪನೆ ಬಿದ್ದ. ಶಿಲುಬೆ ಬೆನ್ನ ಮೇಲೆ ಬಿತ್ತು.

ಎದ್ದೇಳಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ನೋಡಿದ. ಆಗಲಿಲ್ಲ.

ಗುರುಗಳು ಕೂತಲ್ಲಿಂದ ಕದಲಲಿಲ್ಲ.

ಮಂಜು ಮತ್ತೆ ಮೇಲೇರಿ ಬಂತು. ಚೌರಪ್ಪನ ಕೆನ್ನೆ ನೆಲಕ್ಕೆ ಒತ್ತಿತ್ತು. ಮಣ್ಣು ತಣ್ಣಗಿತ್ತು. ಹೊಳೆಯ ಸದ್ದು ನೆಲದೊಳಗಿಂದಲೇ ಕೇಳಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ಬಿದ್ದಿದ್ದನೋ ಅವನಿಗೇ ತಿಳಿಯಲಿಲ್ಲ. ನಾಚಿಕೆ ಬಂತು, ಅಳು ಬಂತು, ಆಮೇಲೆ ಎರಡೂ ಹೋದವು. ಇದೇ ನೆಲದಲ್ಲಿ, ಇಷ್ಟೇ ಹತ್ತಿರದಲ್ಲಿ, ಇನ್ನೊಬ್ಬರು ಕೆನ್ನೆಯೂರಿ ಮಲಗಿದ್ದಾರೆ ಅನ್ನಿಸಿತು. ಅವರೂ ಏದುಸಿರು ಬಿಡುತ್ತಿದ್ದರು.

ಕಾಲು ಕೊಡು ಅಂತ ಅವನು ಕೇಳಲಿಲ್ಲ. ಬಲ ಕೊಡು ಅಂತಲೂ ಕೇಳಲಿಲ್ಲ.

"ನನ್ನ ಕೈಲಾಗಲ್ಲ, ಸ್ವಾಮಿ," ಅಂದ. ಗುರುವಿಗೆ ಹೇಳಿದ್ದಲ್ಲ.

ಯಾರೋ ಪಕ್ಕಕ್ಕೆ ಬಂದರು. ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ. ಮೀನು ಮಾರುವ ಲೂರ್ದಮ್ಮ, ಆಚೆ ಊರಿನ ಮುದುಕಿ, ಶಿಲುಬೆಯ ಅಡ್ಡಮರದ ಕೆಳಗೆ ಹೆಗಲು ತೂರಿಸಿದ್ದಳು.

"ನನ್ನ ಭುಜ ಹಿಡ್ಕೊ, ತಮ್ಮಾ."

"ಬೇಡಮ್ಮ, ನಿಮ್ಮ ಕೈಲಿ ಆಗಲ್ಲ."

"ನನಗೂ ಮಂಡಿ ಸೋತುಹೋಗಿ ಹನ್ನೆರಡು ವರ್ಷ ಆಯ್ತು. ಜನ ನಗ್ತಾರೆ ಅಂತ ಈ ಕಲ್ಲಿನ ಹತ್ರಾನೇ ಬರ್ತಿರಲಿಲ್ಲ. ನೀನು ಬಿದ್ದೆಯಲ್ಲ, ಧೈರ್ಯ ಬಂತು. ಹಿಡ್ಕೊ."

ಅವನು ಹಿಡಿದುಕೊಂಡ. ಇಬ್ಬರೂ ಅರ್ಧ ಎದ್ದು ತೂರಾಡಿದರು. ಆಗ ಇನ್ನೊಂದು ಕೈ ಬಂತು. ಮತ್ತೊಂದು ಬಂತು. ಕುಡಿದು ಕುಡಿದು ಊರಲ್ಲಿ ಮುಖ ತೋರಿಸಲಾಗದೆ ಹಿಂದೆಲ್ಲೋ ನಿಂತಿದ್ದವನೊಬ್ಬ ನಡುಗುವ ಕೈಯಿಂದಲೇ ಮರ ಹಿಡಿದ. ಶಿಲುಬೆ ಎದ್ದಿತು. ಗುರುಗಳೂ ಎದ್ದು ಹಿಂದೆ ನಡೆದರು.

ಏಳನೆಯ ಕಲ್ಲಿನಲ್ಲಿ ಎಲ್ಲರೂ ಮಂಡಿಯೂರಿದರು. ಏಳಲಾಗದವರನ್ನು ಏಳಬಲ್ಲವರು ಎಬ್ಬಿಸಿದರು. ಒಂಬತ್ತನೆಯದರಲ್ಲೂ ಹಾಗೆಯೇ. ಯಾರು ಯಾರನ್ನು ಎಬ್ಬಿಸಿದರೋ ಮಂಜಿನಲ್ಲಿ ಸರಿಯಾಗಿ ಕಾಣಲಿಲ್ಲ. ಹಾಡು ಮಾತ್ರ ನಿಲ್ಲಲಿಲ್ಲ. ಚೌರಪ್ಪನ ಎಡಗಾಲು ಮೊದಲಿನ ಹಾಗೇ ಸಣಕಲಾಗಿ ಎಳೆದುಕೊಂಡು ಬರುತ್ತಿತ್ತು. ಆದರೂ ತನ್ನನ್ನು ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನಿಸಿ ಅವನಿಗೆ ಕಣ್ಣು ತುಂಬಿತು.

ನೆತ್ತಿಯಲ್ಲಿ ಶಿಲುಬೆ ನಿಲ್ಲಿಸಿದರು. ಜನ ಇಳಿದು ಹೋದರು. ಗುರು ಶಿಷ್ಯ ಇಬ್ಬರೇ ಉಳಿದರು. ಕೆಳಗೆ ಬಿಸಿಲು ಬಿದ್ದು, ಹೊಳೆ ಅಲ್ಲಲ್ಲಿ ಹೊಳೆಯುತ್ತಿತ್ತು.

ಚೌರಪ್ಪ ತಲೆ ತಗ್ಗಿಸಿ ಕೇಳಿದ:

"ಶಿಲುಬೆ ನಾನು ಹೊರಲಿಲ್ಲ, ಸ್ವಾಮಿ. ಅವರು ಹೊತ್ತರು. ಇನ್ನು ಆ ಊರಿಗೆ ಯಾರನ್ನ ಕಳಿಸ್ತೀರಿ?"

ಅರುಳಪ್ಪಸ್ವಾಮಿ ಅವನ ಕೆನ್ನೆಗೆ ಮೆತ್ತಿದ್ದ ಮಣ್ಣನ್ನು ನೋಡಿದರು. ಒರೆಸಲಿಲ್ಲ.

"ಬೆಳಗ್ಗೆ ಎಲ್ಲೂ ಬೀಳದೆ ಒಬ್ಬ ಹತ್ತಿದ್ನಲ್ಲ, ಅವನಿಗೆ ಆ ಊರಲ್ಲಿ ಕೆಲಸ ಇರಲಿಲ್ಲ. ನೀನು ಹೋಗು."