ರಾಣಿಜೇನಿನ ಮುಳ್ಳು

ಕರಡಿಯನ್ನು ಓಡಿಸಿದ ದಿನವನ್ನು ಬೂರುಗದ ಮರದ ಹೆಜ್ಜೇನುಗಳು ಪ್ರತಿವರ್ಷ ಹಾಡಿ ಕುಣಿದು ಆಚರಿಸುತ್ತಿದ್ದವು. ಅಂದು ದಾಳಿಗೆ ಅಪ್ಪಣೆ ಕೊಟ್ಟವಳು ರಾಣಿ. ಅದಕ್ಕೇ ಈ ವರ್ಷವೂ ಮಕ್ಕಳೆಲ್ಲ ಸೇರಿ ಅವಳ ಬಾಯಿಗೆ ಜೇನಿನ ಮೊದಲ ತೊಟ್ಟು ಇಟ್ಟರು. ಅಷ್ಟರಲ್ಲಿ ಅದೇ ಕರಡಿ ಮರದ ಬುಡಕ್ಕೆ ಬಂದು ನಿಂತಿತು.

“ಅಮ್ಮಾ, ಅಪ್ಪಣೆಯಾಗಲಿ,” ಎಂದಳು ಕಾವಲಿಗಿದ್ದ ಮಗಳು.

ರಾಣಿಗೆ ಈಗ ವಯಸ್ಸಾಗಿತ್ತು. “ಸ್ವಲ್ಪ ತಡೆಯಿರಿ. ಏನು ಮಾಡುತ್ತದೋ ನೋಡೋಣ,” ಎಂದಳು.

ಕರಡಿ ಒರಟು ತೊಗಟೆಗೆ ಬೆನ್ನು ಕೊಟ್ಟು ಚೆನ್ನಾಗಿ ತುರಿಸಿಕೊಂಡಿತು. ತುರಿಕೆ ತೀರಿದ ಮೇಲೆ, ಗೂಡಿನತ್ತ ತಲೆಯನ್ನೂ ಎತ್ತದೆ ಬಂದ ದಾರಿ ಹಿಡಿಯಿತು. ಗೂಡಿನಲ್ಲಿ ಕುಣಿತ ನಿಂತಿತು.

“ಅಂದೂ ಇದಕ್ಕೇ ಬಂದಿತ್ತೇ?” ಎಂದಳು ಮಗಳು.

“ಇರಬಹುದು. ಅಂದು ನಾನು ಕಾದು ನೋಡಲಿಲ್ಲ,” ಎಂದಳು ರಾಣಿ.

“ಕುಟುಕಿದ ಜೇನು ಬದುಕುವುದಿಲ್ಲ. ಹೋದ ಅಕ್ಕಂದಿರಲ್ಲಿ ಒಬ್ಬಳೂ ಮರಳಲಿಲ್ಲ. ಹಾಗಾದರೆ ನಾವು ಗೆದ್ದೆವೆಂದು ಹೇಳಿದವರು ಯಾರಮ್ಮ?”

“ನಾನೇ.”

“ನೀವು ಕುಟುಕಲಿಲ್ಲವೇ?”

ಒಮ್ಮೆಯೂ ಬಳಸದ ತನ್ನ ಮುಳ್ಳನ್ನು ರಾಣಿ ಮೆಲ್ಲನೆ ಒಳಗೆಳೆದುಕೊಂಡಳು.