ಕಿಟಕಿಯಿಂದ ಕೊಟ್ಟ ಮಿಸ್ಡ್ ಕಾಲ್

"ಮೇಷ್ಟ್ರೇ, ಫೋನಿಗೆ ಕಡಿಮೆ ದುಡ್ಡಿನ ಪ್ಯಾಕ್ ಹಾಕಿಸುವುದು ಒಳ್ಳೆಯದೋ, ಹೆಚ್ಚು ದುಡ್ಡಿನದೋ?" ಎಂದು ತಿಪ್ಪೇಶ ಕೇಳಿದ.

"ಕೇಳಬೇಕಾದವನನ್ನೇ ಕೇಳಿದೆ," ಎಂದರು ಬೋರಲಿಂಗಪ್ಪ ಮೇಷ್ಟ್ರು. "ಈ ಸೀಮೆಗೆ ಮೊಟ್ಟಮೊದಲು ಮೊಬೈಲು ತಂದವನು ನಾನು. ಟವರು ಎಲ್ಲಿ ನಿಲ್ಲಿಸಬೇಕೆಂದು ಬೆರಳು ತೋರಿಸಿದವನೂ ನಾನೇ. ಕಂಪನಿಯ ದೊಡ್ಡ ಸಾಹೇಬ ಇವತ್ತಿಗೂ ಹೊಸ ಪ್ಯಾಕ್ ಬಿಡುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾನೆ." ಇಷ್ಟು ಹೇಳಿ ಟೀ ಲೋಟ ಎತ್ತಿ ಒಂದು ಗುಟುಕು ಕುಡಿದರು. "ಇದೆಲ್ಲ ಸುಳ್ಳು. ನೀನು ಮುಂದೆ ಹೇಳು."

ತಿಪ್ಪೇಶನಿಗೆ ಇದು ಹೊಸದಲ್ಲ. ಮೇಷ್ಟ್ರು ಹಾರ್ಮೋನಿಯಂ ಹೊತ್ತು ಊರೂರಿಗೆ ಹೋಗಿ ನಾಟಕ ಕಲಿಸುವವರು. ತಿಪ್ಪೇಶ ಹೊಟ್ಟೆಪಾಡಿಗೆ ಟೈಲರ್. ಮೇಷ್ಟ್ರ ಕೈಯಲ್ಲಿ ಪಳಗಿದ ಮೇಲೆ ರಾಜಪಾರ್ಟಿನವನು. ಅವರ ಮಾತಿನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಆರಿಸುತ್ತ ಕೂತರೆ ಬೆಳಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೂ ತಲೆ ಕೆಟ್ಟಾಗಲೆಲ್ಲ ಅವರನ್ನೇ ಹುಡುಕಿಕೊಂಡು ಬಸ್‌ಸ್ಟ್ಯಾಂಡ್ ಪಕ್ಕದ ಈ ಹೋಟೆಲಿಗೆ ಬರುತ್ತಿದ್ದ.

ಅವನು ಎರಡೂ ಕಡೆಯ ಗುಣದೋಷಗಳನ್ನು ಮುಂದಿಟ್ಟ. ಅವನ ಕರೆನ್ಸಿ ಮುಗಿದಿತ್ತು. ಔಟ್‌ಗೋಯಿಂಗ್ ನಿಂತಿತ್ತು; ಇನ್‌ಕಮಿಂಗ್ ಕೂಡ ಇನ್ನೇನು ನಿಲ್ಲುವುದರಲ್ಲಿತ್ತು. ಕಡಿಮೆ ಪ್ಯಾಕ್ ಹಾಕಿಸಿದರೆ ಸಿಮ್ಮು ಸಾಯುವುದಿಲ್ಲ, ಬರುವ ಕಾಲ್ ಬರುತ್ತದೆ, ಜೇಬು ತಣ್ಣಗಿರುತ್ತದೆ. ಆದರೆ ತಾನು ಮಾಡುವ ಮಾತಿಗೆ ಚೂರುಪಾರು ಬ್ಯಾಲೆನ್ಸ್ ಅಷ್ಟೆ, ನೆಟ್ಟಂತೂ ಹೆಸರಿಗೆ. ಹೆಚ್ಚಿನದು ಹಾಕಿಸಿದರೆ ಹಗಲೂ ರಾತ್ರಿ ಮಾತಾಡಬಹುದು. ಆದರೆ ಆಡಲಿ ಬಿಡಲಿ, ದುಡ್ಡು ಹೋದದ್ದು ಹೋದಂತೆ. ಅಂಗಡಿಯವನು ಹೆಚ್ಚಿನದನ್ನೇ ಹೊಗಳುತ್ತಾನೆ, ಅವನಿಗೆ ಕಮಿಷನ್ನು. ತನಗೇನೋ ಕಡಿಮೆಯದೇ ಸಾಕು ಅನ್ನಿಸುತ್ತದೆ. ತನಗೆ ಬೇಕಾದದ್ದು ಇನ್‌ಕಮಿಂಗ್ ಒಂದೇ.

"ಯಾರ ಇನ್‌ಕಮಿಂಗು?" ಎಂದು ಮೇಷ್ಟ್ರು ಕೇಳಿದರು.

ಯಾರದ್ದಾದರೂ ಸರಿ, ಗಿರಾಕಿಗಳು ಮಾಡುತ್ತಾರಲ್ಲ ಎಂದು ತಿಪ್ಪೇಶ ತಡವರಿಸಿದ.

ಯಾರದ್ದೆಂದು ಊರಿಗೆಲ್ಲ ಗೊತ್ತಿತ್ತು. ಅವನ ಹೆಂಡತಿ ಸರ್ವಮಂಗಳ ಪಂಚಮಿ ಹಬ್ಬಕ್ಕೆಂದು ತವರಿಗೆ ಹೋದವಳು ಗೌರಿ ಹಬ್ಬ ಕಳೆದರೂ ಬಂದಿರಲಿಲ್ಲ. ಕರೆದುಕೊಂಡು ಹೋಗಲು ಅವಳ ತಮ್ಮ ಬಂದಾಗ ತಿಪ್ಪೇಶ ತಮಾಷೆಗೆಂದು, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಪ್ಪ, ಇಲ್ಲಿ ಯಾರೂ ಅಳುವುದಿಲ್ಲ ಎಂದಿದ್ದ. ಭಾಮೈದ ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಹೋದವಳು ತಾನೇ ಫೋನ್ ಮಾಡಲಿ ಎಂದು ಇವನು. ಅಂದವರೇ ಮಾಡಲಿ ಎಂದು ಅವಳು. ಮಿಷನ್ನಿನ ಮೇಲೆ ಫೋನಿಟ್ಟುಕೊಂಡು ಹೊಲಿಯುತ್ತ, ಮೊನ್ನೆ ಯಾರದೋ ಷರ್ಟಿಗೆ ಎರಡು ಎಡತೋಳು ಕೂಡಿಸಿದ್ದ.

ಮೇಷ್ಟ್ರು ಅದನ್ನು ಎತ್ತಲಿಲ್ಲ. ಒಂದು ಕತೆ ಹೇಳುತ್ತೇನೆ ಕೇಳು ಎಂದರು.

ಒಂದು ಊರಿನಲ್ಲಿ ಒಬ್ಬ ರೈತ. ಅವನಿಗೊಬ್ಬ ಮಗ. ಇನ್ನೊಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಅವನಿಗೊಬ್ಬಳು ಮಗಳು. ರೈತ ತನ್ನವರನ್ನು ಕಟ್ಟಿಕೊಂಡು ಹೆಣ್ಣು ನೋಡಲು ವ್ಯಾಪಾರಿಯ ಮನೆಗೆ ಹೋದ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ಹುಡುಗನನ್ನು ಎರಡು ಸಲ ನೋಡಿದಳು. ಇಬ್ಬರಿಗೂ ಒಪ್ಪಿಗೆಯಾಯಿತೆಂದು ಕೇಸರಿಬಾತು ಬಡಿಸುತ್ತಿದ್ದವರಿಗೂ ತಿಳಿಯಿತು.

ಆದರೆ ಎದುರಿಗೇ ಹೂಂ ಅನ್ನುವ ಪದ್ಧತಿ ಇಲ್ಲ. ಹಾಗೆ ಅಂದುಬಿಟ್ಟರೆ, ಈ ಗಂಡಿಗೆ ಬೇರೆಲ್ಲೂ ಹೆಣ್ಣು ಸಿಕ್ಕಿಲ್ಲವೇನೋ ಎಂದುಕೊಳ್ಳುತ್ತಾರೆ. ಆದ್ದರಿಂದ ರೈತ ಎದ್ದು ನಿಂತು ಶಲ್ಯ ಕೊಡವಿ, ಊರು ಮುಟ್ಟಿ ಫೋನ್ ಮಾಡುತ್ತೇವೆ ಎಂದ. ಆಗಲಿ, ಕಾಯುತ್ತಿರುತ್ತೇವೆ ಎಂದ ವ್ಯಾಪಾರಿ.

ಇಬ್ಬರ ಫೋನಿನಲ್ಲಿಯೂ ಇದ್ದದ್ದು ಕಡಿಮೆ ದುಡ್ಡಿನ ಪ್ಯಾಕು.

ರೈತ ಊರು ಮುಟ್ಟಿದ. ಫೋನು ಕೈಗೆತ್ತಿಕೊಂಡು ಯೋಚಿಸಿದ. ಬೀಗಸ್ತಿಕೆಯ ಮಾತು ಹೂಂ ಎಂದು ಶುರುವಾಗುವುದಿಲ್ಲ. ಊಟ ಆಯಿತೇ, ಮಳೆ ಹೇಗಿದೆ, ಅಜ್ಜಿಯ ಮಂಡಿನೋವು ಹೇಗಿದೆ ಎಂದೆಲ್ಲ ಸುತ್ತಿ ಬಂದು ಹೂಂ ತಲುಪುವಷ್ಟರಲ್ಲಿ ಬ್ಯಾಲೆನ್ಸ್ ಖಾಲಿಯಾಗುತ್ತದೆ. ಮಂಡಿನೋವು ಕೇಳದೆ ನೇರವಾಗಿ ವಿಷಯಕ್ಕೆ ಬಂದರೆ ಮರ್ಯಾದೆ ಅಲ್ಲ. ಅದರ ಬದಲು ಒಂದು ಮಿಸ್ಡ್ ಕಾಲ್ ಕೊಟ್ಟರೆ, ಹೆಣ್ಣಿನ ಕಡೆಯವರು ತಾವಾಗಿಯೇ ಮಾಡುತ್ತಾರೆ. ಎರಡು ಸಲ ರಿಂಗ್ ಆಗಲು ಬಿಟ್ಟು ಕಟ್ ಮಾಡಿದ.

ವ್ಯಾಪಾರಿ ಅದನ್ನು ನೋಡಿದ. ಮಾಡುತ್ತೇವೆ ಎಂದವರು ಅವರು, ಮಾಡುವುದು ನಾನೇ? ಅದೂ ಅಲ್ಲದೆ ತಾನು ಮೇಲೆಬಿದ್ದು ಮಾಡಿದರೆ, ಹೆಣ್ಣಿನ ಕಡೆಯವರಿಗೆ ಅವಸರ ಎಂದು ಮದುವೆಯ ಖರ್ಚೆಲ್ಲ ತನ್ನ ತಲೆಗೇ ಕಟ್ಟಿಯಾರು. ಅವನೂ ಒಂದು ಮಿಸ್ಡ್ ಕಾಲ್ ತಿರುಗಿ ಕೊಟ್ಟ.

ಹೀಗೆ ನಡೆಯಿತು. ಬೆಳಿಗ್ಗೆ ರೈತ ಕೊಡುತ್ತಿದ್ದ, ಸಂಜೆ ವ್ಯಾಪಾರಿ ತೀರಿಸುತ್ತಿದ್ದ. ಬರಬರುತ್ತ ಇಬ್ಬರ ಕೈಯೂ ಚುರುಕಾಯಿತು. ಒಂದು ಸಲ ವ್ಯಾಪಾರಿ ಫೋನಿನ ಮೇಲೆಯೇ ಬೆರಳಿಟ್ಟುಕೊಂಡು ಕೂತಿದ್ದು, ರಿಂಗಾದ ತಕ್ಷಣ ಎತ್ತಿ ಹಲೋ ಎಂದುಬಿಟ್ಟ. ರೈತ ಹಾವು ಮುಟ್ಟಿದವನ ಹಾಗೆ ಫೋನನ್ನು ಜೋಳದ ರಾಶಿಯ ಮೇಲೆ ಎಸೆದ. ಆಮೇಲೆ ಹೆಂಡತಿಯ ಹತ್ತಿರ, ಆ ಮನುಷ್ಯ ಮಹಾ ಕಿಲಾಡಿ, ನನ್ನ ಬ್ಯಾಲೆನ್ಸಿಗೇ ಕೈ ಹಾಕಿದ ಎಂದು ಗೊಣಗಿದ.

ಇಲ್ಲಿಗೆ ತಿಪ್ಪೇಶ ನಕ್ಕ. ಎಂಥ ಜನ ಇರುತ್ತಾರೆ ಮೇಷ್ಟ್ರೇ ಎಂದ. ಇರುತ್ತಾರೆ ಎಂದರು ಮೇಷ್ಟ್ರು.

ಅತ್ತ ಹುಡುಗ ಊಟ ಬಿಟ್ಟ. ಇತ್ತ ಹುಡುಗಿ ಮಾತು ಬಿಟ್ಟಳು. ವ್ಯಾಪಾರಿಯ ಹೆಂಡತಿ ಗಂಡನಿಗೆ ಒಂದೇ ಮಾತು ಹೇಳಿದಳು: ಅದರಲ್ಲಿ ಮಾತಾಡಿ, ಇಲ್ಲವೇ ಅದನ್ನು ಬಾವಿಗೆ ಹಾಕಿ. ರೈತನ ಹೆಂಡತಿಯೂ ತನ್ನ ಮನೆಯಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದಳು, ಬಾವಿಯ ಬದಲು ತಿಪ್ಪೆ ಎಂದಳು ಅಷ್ಟೆ.

ಕೊನೆಗೆ ರೈತ, ಫೋನಿನ ಸಹವಾಸವೇ ಬೇಡ, ಖುದ್ದಾಗಿ ಹೋಗಿ ಹೂಂ ಎಂದು ಬರುತ್ತೇನೆ ಎಂದು ಬಸ್ಸು ಹತ್ತಿದ. ಅದೇ ದಿನ ವ್ಯಾಪಾರಿಯೂ ರೈತನ ಊರಿಗೆಂದು ಬಸ್ಸು ಹತ್ತಿದ. ಇಬ್ಬರ ಟಿಕೆಟ್ಟಿನ ದುಡ್ಡು ಸೇರಿಸಿದ್ದರೆ ದೊಡ್ಡ ಪ್ಯಾಕೇ ಬರುತ್ತಿತ್ತು. ಆದರೆ ಬಸ್ಸಿಗೆ ಕೊಟ್ಟ ದುಡ್ಡು ಯಾರಿಗೂ ದುಡ್ಡು ಅನ್ನಿಸುವುದಿಲ್ಲ.

ನಡುವೆ ಒಂದು ಪೇಟೆ. ಎರಡೂ ಬಸ್ಸು ಅಲ್ಲಿ ನಿಂತವು, ಒಂದರ ಪಕ್ಕ ಒಂದು. ರೈತ ಕಿಟಕಿಯಿಂದ ನೋಡುತ್ತಾನೆ, ಎದುರು ಬಸ್ಸಿನ ಕಿಟಕಿಯಲ್ಲಿ ವ್ಯಾಪಾರಿ. ಕೈ ಚಾಚಿದರೆ ಅವನ ಟೋಪಿ ಸಿಗುತ್ತಿತ್ತು. ವ್ಯಾಪಾರಿ ಆ ಕಡೆ ತಿರುಗಿ ಕಡಲೆಕಾಯಿ ಕೊಳ್ಳುತ್ತಿದ್ದ. ರೈತನಿಗೆ ಬಹಳ ಖುಷಿಯಾಯಿತು. ಲಗುಬಗೆಯಿಂದ ಜೇಬಿಗೆ ಕೈ ಹಾಕಿದ. ಫೋನು ತೆಗೆದ. ಒಂದು ಮಿಸ್ಡ್ ಕಾಲ್ ಕೊಟ್ಟ.

"ಅಯ್ಯೋ, ಕೂಗಬಹುದಿತ್ತಲ್ಲ ಮೇಷ್ಟ್ರೇ, ಅಲ್ಲೇ ಇದ್ದಾನಲ್ಲ," ಎಂದ ತಿಪ್ಪೇಶ.

"ಕೂಗಬಹುದಿತ್ತು," ಎಂದರು ಮೇಷ್ಟ್ರು. "ಅಭ್ಯಾಸ ತಪ್ಪಿತ್ತು."

ವ್ಯಾಪಾರಿ ಫೋನು ನೋಡಿದ. ತಲೆ ಎತ್ತಿ ರೈತನನ್ನೂ ನೋಡಿದ. ಅವನೂ ಒಂದು ಮಿಸ್ಡ್ ಕಾಲ್ ತಿರುಗಿ ಕೊಟ್ಟ. ಕಂಡಕ್ಟರುಗಳು ಸೀಟಿ ಊದಿದರು. ಬಸ್ಸುಗಳು ಹೊರಟವು. ರೈತ ವ್ಯಾಪಾರಿಯ ಮನೆ ಸೇರಿದ, ವ್ಯಾಪಾರಿ ರೈತನ ಮನೆ ಸೇರಿದ. ಎರಡೂ ಮನೆಯ ಹೆಂಗಸರು ಬಂದವರಿಗೆ ನೀರು ಕೊಟ್ಟು, ಬಾಗಿಲಲ್ಲೇ ನಿಲ್ಲಿಸಿಕೊಂಡು ಹೂಂ ಅನ್ನಿಸಿ, ದಿನ ಗೊತ್ತು ಮಾಡಿದರು. ಮದುವೆ ಚೆನ್ನಾಗಿ ನಡೆಯಿತು. ಚಪ್ಪರದ ಆ ತುದಿಯಿಂದ ಬೀಗರು, ಊಟಕ್ಕೆ ಏಳಬಹುದೇ ಎಂದು ಮಿಸ್ಡ್ ಕಾಲ್ ಕೊಟ್ಟರು; ಈ ತುದಿಯಿಂದ ಇವರು, ಏಳಿ ಎಂದು ಒಂದು ಕೊಟ್ಟರು.

ತಿಪ್ಪೇಶನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕಿದ್ದ. ಅಂತೂ ಕಡಿಮೆ ಪ್ಯಾಕಿನಿಂದ ಕೆಡುವುದೇನಿಲ್ಲ, ಆಗಬೇಕಾದದ್ದು ಆಗಿಯೇ ತೀರುತ್ತದೆ ಎಂದು ಅವನ ಮನಸ್ಸು ಹಗುರಾಯಿತು. ಹಾಗೆಂದು ಹೇಳಿಯೂ ಹೇಳಿದ.

ಮೇಷ್ಟ್ರು ಅವನ ಮುಖ ನೋಡಿದರು.

"ಮದುವೆಯ ಭಾಗ ಸುಳ್ಳು," ಎಂದರು. "ನೀನು ಅಳುವ ಹಾಗೆ ಕಂಡೆ. ಅದಕ್ಕೇ ಮದುವೆ ಮಾಡಿಸಿದೆ."

ನಡೆದದ್ದು ಬೇರೆ. ಹುಡುಗಿಯನ್ನು ಕೇಳಿಕೊಂಡು ಇನ್ನೊಬ್ಬ ರೈತ, ಇವರು ಬಸ್ಸು ಹತ್ತಿದ ಹಿಂದಿನ ದಿನವೇ ವ್ಯಾಪಾರಿಯ ಮನೆಗೆ ಬಂದಿದ್ದ. ಅವನ ಫೋನು ಕೆರೆಗೆ ಬಿದ್ದು ಬಹಳ ದಿನವಾಗಿತ್ತು. ಬಂದವನು ಜಗಲಿಯ ಮೇಲೆ ಕೂತು, ನಿಮ್ಮ ಮಗಳನ್ನು ನಮ್ಮ ಹುಡುಗನಿಗೆ ಕೊಡುತ್ತೀರಾ ಎಂದು ನೇರವಾಗಿ ಕೇಳಿದ. ವ್ಯಾಪಾರಿ ಹೂಂ ಅನ್ನಲಿಲ್ಲ. ಮೊದಲು ಬಂದವರನ್ನು ಒಂದು ಮಾತು ಕೇಳಿ ಬರುತ್ತೇನೆ, ನಾಳೆ ಸಂಜೆಯವರೆಗೆ ತಾಳಿ ಎಂದ. ಮಗಳ ಮನಸ್ಸು ಯಾವ ಕಡೆಗಿದೆ ಎಂದು ಅವನಿಗೂ ಕಂಡಿತ್ತು. ಆ ಒಂದು ಮಾತು ಕೇಳುವುದಕ್ಕೇ ಅವನು ಬಸ್ಸು ಹತ್ತಿದ್ದು.

ಆ ಪೇಟೆಯಲ್ಲಿ ಫೋನು ರಿಂಗಾಗಿ ನಿಂತಾಗ ಅವನು ನೋಡಿದ್ದು ನಿಜ. ತಲೆ ಎತ್ತಿದಾಗ ರೈತ ಎದುರು ಕಿಟಕಿಯಲ್ಲಿ ಹಲ್ಲು ಬಿಟ್ಟುಕೊಂಡು ಕೂತದ್ದೂ ನಿಜ. ತಿರುಗಿ ಮಿಸ್ಡ್ ಕಾಲ್ ಕೊಟ್ಟದ್ದು ಮಾತ್ರ ಸುಳ್ಳು. ವ್ಯಾಪಾರಿಗೆ ಹೀಗನ್ನಿಸಿತು: ಮೊಳದೂರದಲ್ಲಿ ಕೂತು ಬಾಯಿ ಬಿಡದ ಮನುಷ್ಯ ಇವನು. ನಾಳೆ ನನ್ನ ಮಗಳಿಗೆ ಜ್ವರ ಬಂದರೂ ಇವನು ಮಿಸ್ಡ್ ಕಾಲನ್ನೇ ಕೊಡುವವನು. ಬಸ್ಸು ಹೊರಟ ಮೇಲೆ, ಇಷ್ಟು ದಿನ ಮುಟ್ಟದೆ ಕಾಪಾಡಿಕೊಂಡು ಬಂದಿದ್ದ ಬ್ಯಾಲೆನ್ಸಿನಲ್ಲಿ ಮನೆಗೆ ಒಂದು ಕಾಲ್ ಮಾಡಿದ. ನಿನ್ನೆ ಬಂದವರಿಗೆ ಮಾತು ಕೊಟ್ಟುಬಿಡು ಎಂದು ಹೆಂಡತಿಗೆ ಹೇಳಿದ.

ರೈತ ಅವನ ಮನೆ ತಲುಪಿದಾಗ ಅಂಗಳದ ತುಂಬ ಜನ. ವೀಳ್ಯದೆಲೆ, ಅಡಿಕೆ ಕೈ ಬದಲಾಗಿತ್ತು. ಅವನು ಹೊಸ್ತಿಲ ಹೊರಗೆ ನಿಂತುಕೊಂಡೇ, ನಮ್ಮ ಕಡೆಯಿಂದ ಹೂಂ ಎಂದ. ಮಂಡಿನೋವು ಕೇಳುವುದಕ್ಕೂ ಮರೆತಿದ್ದ. ವ್ಯಾಪಾರಿಯ ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಅವನನ್ನೇ ನೋಡಿದಳು. "ಇಷ್ಟು ದಿನ ಬಾಯಿಗೆ ಏನಾಗಿತ್ತು ಯಜಮಾನರೇ?" ಎಂದಳು.

ಕತೆ ಮುಗಿಯಿತು. ತಿಪ್ಪೇಶ ಲೋಟವನ್ನು ತಿರುಗಿಸುತ್ತ ಕೂತ. ಆ ಹುಡುಗಿ ಒಪ್ಪಿಕೊಂಡಳೇ ಎಂದು ಕೇಳಿದ.

"ಅವಳನ್ನು ಕೇಳುವಷ್ಟು ಬ್ಯಾಲೆನ್ಸ್ ಯಾರ ಹತ್ತಿರ ಇತ್ತು?" ಎಂದರು ಮೇಷ್ಟ್ರು.

ಇದರಲ್ಲಿ ಸುಳ್ಳು ಎಷ್ಟು ಎಂದು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಒಬ್ಬ ಹೆಂಗಸು ಕೈಚೀಲ ಹಿಡಿದು ಇಳಿದಳು. ತಿಪ್ಪೇಶ ಅರ್ಧ ಎದ್ದ. ಬೇರೆ ಯಾರೋ. ಮತ್ತೆ ಕೂತ. ಬಹಳ ಹೊತ್ತು ಯೋಚಿಸಿ, ಕೊನೆಗೆ ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದ.

"ಹಾಗಾದರೆ ಮೇಷ್ಟ್ರೇ, ದೊಡ್ಡ ಪ್ಯಾಕೇ ಹಾಕಿಸಿಬಿಡಲೇ?"

ಮೇಷ್ಟ್ರು ಕಣ್ಣು ಮುಚ್ಚಿ ತೆರೆದರು. ಇವನಿಗೆ ರಾಜಪಾರ್ಟು ಕಲಿಸುವಾಗಲೂ ಅವರು ಹೀಗೆಯೇ ಮಾಡುತ್ತಿದ್ದರು. ಆಮೇಲೆ ಸರ್ವಮಂಗಳಳ ನಂಬರು ಎಷ್ಟು ಎಂದು ಕೇಳಿದರು. ತಿಪ್ಪೇಶ ಫೋನು ನೋಡದೆ, ಉಸಿರು ಬಿಡದೆ, ನಾಟಕದ ಮಾತಿನ ಹಾಗೆ ಗಡಗಡ ಒಪ್ಪಿಸಿದ. ಒಪ್ಪಿಸಿದ ಮೇಲೆ, ಯಾಕೆ ಕೇಳಿದಿರಿ ಎಂದ. ಅಷ್ಟರಲ್ಲಿ ಮೇಷ್ಟ್ರು ತಮ್ಮ ಫೋನಿನಲ್ಲಿ ಅದನ್ನು ಒತ್ತಿಯಾಗಿತ್ತು. ಆ ಕಡೆ ರಿಂಗಾಯಿತು. ತಿಪ್ಪೇಶ ಬೇಡ ಬೇಡ ಎಂದು ಕೈಯಾಡಿಸಿದ. ರಿಂಗಾಗುವುದು ನಿಂತಿತು.

"ಹಲೋ," ಎಂದಿತು ಹೆಂಗಸಿನ ದನಿ. "ಯಾರು?"

ತುಂಬಿದ ಸಭೆಯ ಮುಂದೆ ಪುಟಗಟ್ಟಲೆ ಮಾತು ತಪ್ಪದೆ ಆಡಿದವನ ಬಾಯಿ ತೆರೆದೇ ಇತ್ತು, ಒಳಗೆ ಒಂದು ಅಕ್ಷರವೂ ಇರಲಿಲ್ಲ. ಮೇಷ್ಟ್ರು ಫೋನನ್ನು ಅವನ ಕಿವಿಗೆ ಒತ್ತಿ ಹಿಡಿದು, ಹೆಗಲಿನ ಟವೆಲು ಕೊಡವಿ ಎದ್ದು ನಿಂತರು.

"ಪ್ಯಾಕು ನನ್ನದು, ನೀನು ಬಾಯಿ ಬಿಡು, ನನ್ನ ಟೀ ದುಡ್ಡು ಕೊಟ್ಟು ಬಾ."