ಹನ್ನೆರಡು ಕಂಬದ ಜಗಲಿ

ಶಿಷ್ಯ ಕೇಳಿದ: "ಗುರುಗಳೇ, ಮೆಮೊರಿಯಲ್ಲಿ ಐನೂರ ಹನ್ನೆರಡು ಚಿಕ್ಕ ಪುಟಗಳಷ್ಟು ಜಾಗ ಒಂದೇ ಸಾಲಿನಲ್ಲಿ ಬಿಡುವಾಗಿ ಸಿಕ್ಕರೆ ಮಾತ್ರ ಗಣಕಯಂತ್ರದಲ್ಲಿ ಅದನ್ನು ಹಂಚುವ ಕರ್ನೆಲ್ ಒಂದು ದೊಡ್ಡ ಪುಟ ಕೊಡುತ್ತದೆ. ನನ್ನ ಯಂತ್ರದ ಮೆಮೊರಿ ಅರ್ಧಕ್ಕರ್ಧ ಖಾಲಿಯಿದೆ. ಆದರೂ ದೊಡ್ಡ ಪುಟ ಸಿಗುತ್ತಿಲ್ಲ. ಅಲ್ಲೊಂದು ಇಲ್ಲೊಂದು ಚಿಕ್ಕ ಪುಟ ಕೂತುಬಿಟ್ಟಿದೆ. ಅವುಗಳನ್ನು ಬಳಸುತ್ತಿರುವ ಕೆಲಸಗಳನ್ನು ನಿಲ್ಲಿಸಿ ಜಾಗ ಮಾಡಿಬಿಡಲೇ?"

ಗುರು ಹೇಳಿದರು:

ಒಂದು ಊರಿನಲ್ಲಿ ಒಂದು ಛತ್ರವಿತ್ತು. ಅದರ ಜಗಲಿಗೆ ಹನ್ನೆರಡು ಕಂಬ. ಎದುರಿನ ಬೀದಿಯಲ್ಲಿ ಒಬ್ಬ ನೇಕಾರ ಹೆಂಗಸು ಮಗ್ಗಕ್ಕೆ ಉದ್ದುದ್ದ ಹೂಡುವ ಹಾಸಿನ ನೂಲನ್ನು ಉದ್ದಕ್ಕೆ ಚಾಚಿ ಗಂಜಿ ಹಚ್ಚುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಒಬ್ಬಳೇ ಸಿದ್ಧಮಾಡಿದ ಮೊದಲ ಹಾಸು ಅದು. ಗಂಜಿ ಹಚ್ಚಿದ ನೂಲು ಚಾಚಿದಂತೆಯೇ ಒಣಗಬೇಕು. ಮಡಚಿದರೆ ಎಳೆಗೆ ಎಳೆ ಅಂಟಿ ಹಾಳಾಗುತ್ತದೆ. ಅಷ್ಟರಲ್ಲಿ ಮೋಡ ಕವಿಯಿತು. ಅವಳು ಛತ್ರಕ್ಕೆ ಓಡಿಬಂದು, ಜಗಲಿಯಲ್ಲಿ ಒಂಬತ್ತು ಕಂಬದಷ್ಟು ಉದ್ದ ಬೇಕೆಂದು ಛತ್ರ ನೋಡಿಕೊಳ್ಳುವ ಪಾರುಪತ್ಯಗಾರನನ್ನು ಕೇಳಿಕೊಂಡಳು.

ಜಗಲಿಯಲ್ಲಿ ಏಳು ಜನ ದಾರಿಹೋಕರಿದ್ದರು. ಮನಸ್ಸಿಗೆ ಬಂದಲ್ಲಿ ಚಾಪೆ ಹಾಸಿದ್ದರು. ಖಾಲಿ ಜಾಗ ಬೇಕಾದಷ್ಟಿತ್ತು, ಆದರೆ ಎಲ್ಲಿಯೂ ಎರಡು ಕಂಬಕ್ಕಿಂತ ಉದ್ದ ಇರಲಿಲ್ಲ.

ಪಾರುಪತ್ಯಗಾರ ಯಾರನ್ನೂ ಹೊರಗೆ ಕಳಿಸಲಿಲ್ಲ. ಒಬ್ಬೊಬ್ಬರ ಬಳಿಗೂ ಹೋಗಿ ವಿಷಯ ತಿಳಿಸಿ, ಬಡಗಣ ತುದಿಗೆ ಕರೆದೊಯ್ದು ಕೂರಿಸಿದ. ಒಬ್ಬ ತಾಯಿ ಆಗಷ್ಟೇ ಮಲಗಿಸಿದ್ದ ಕೂಸನ್ನು ಎತ್ತಿಕೊಂಡು ಎದ್ದಳು. ಎದ್ದವರ ಕಂಬದ ಮೇಲೆಲ್ಲ ಅವನು ಅವರ ಹೊಸ ಜಾಗವನ್ನು ಇದ್ದಿಲಿನಲ್ಲಿ ಬರೆದಿಟ್ಟ. ಅವರನ್ನು ಹುಡುಕಿಕೊಂಡು ಬರುವವರು ದಾರಿ ತಪ್ಪಬಾರದಲ್ಲ.

ಹೀಗೆ ಆರು ಜನ ಎದ್ದರು. ಏಳನೆಯವನು ಒಬ್ಬ ಮುದುಕ. ಕಾಲು ಮುರಿದು, ಬಿದಿರ ದಬ್ಬೆ ಕಟ್ಟಿಸಿಕೊಂಡು ಐದನೆಯ ಕಂಬದ ಬಳಿ ಮಲಗಿದ್ದ. ಅವನನ್ನು ಕೇಳಲು ಪಾರುಪತ್ಯಗಾರನಿಗೆ ಬಾಯಿ ಬರಲಿಲ್ಲ. ಹೊರಗೆ ಬಂದು, ಆಗುವಂತಿಲ್ಲ ತಾಯಿ ಎಂದ. ಹನಿ ಬೀಳತೊಡಗಿತ್ತು. ಅವಳು ಹೋಗಿ ನೂಲಿನ ಮೇಲೆ ತನ್ನ ಸೆರಗು ಹರಡಿದಳು. ಅದು ಎಷ್ಟು ಮುಚ್ಚೀತು?

ಮುದುಕ ಒಳಗಿನಿಂದ ಕರೆದ.

"ನನಗೆ ಏಳಲಾಗದು, ನಿಜ. ಚಾಪೆಗೇನಾಗಿದೆ? ನಾಲ್ಕು ಜನ ನಾಲ್ಕು ಮೂಲೆ ಹಿಡಿಯಿರಪ್ಪ."

ಎದ್ದಿದ್ದವರೇ ಬಂದು ಹಿಡಿದರು. ತುದಿಗೆ ತಲುಪುವವರೆಗೂ ಮುದುಕ ಹಲ್ಲು ಕಚ್ಚಿಕೊಂಡಿದ್ದ. ನೆರೆಯವರೆಲ್ಲ ಸೇರಿ ಹಾಸನ್ನು ಚಾಚಿದಂತೆಯೇ ಹೊತ್ತು ಜಗಲಿಗೆ ತಂದರು. ಹಾಸಿನ ಕೊನೆಯ ತುದಿ ಒಳಗೆ ಬಂತು, ಮಳೆ ಸುರಿಯಿತು.

ಸಂಜೆ ಮುದುಕನ ಮಗಳು ಅಂಬಲಿ ತಂದಳು. ಐದನೆಯ ಕಂಬದ ಬರಹ ಓದಿ ನೇರ ಅಪ್ಪನ ಬಳಿಗೆ ಹೋದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ನೂಲು ಒಂದೆಳೆಯೂ ಕೆಡದೆ ಒಣಗಿತು. ಜಗಲಿ ಮತ್ತೆ ದಾರಿಹೋಕರದಾಯಿತು.

ಗುರು ನಿಲ್ಲಿಸಿದರು. ಶಿಷ್ಯನ ಕಣ್ಣು ತೇವವಾಗಿತ್ತು. "ಆ ಪಾರುಪತ್ಯಗಾರ ದೊಡ್ಡ ಮನುಷ್ಯ. ಆ ನೇಕಾರ ಹೆಂಗಸು ಅವನಿಗೆ ಕೈಮುಗಿದಿರಬೇಕು" ಎಂದ.

ಗುರು ಹೇಳಿದರು: "ಕೈಮುಗಿಯಲು ಬಂದಳು, ಅವನು ಏಳು ಚಾಪೆಗಳ ಕಡೆಗೆ ಕೈ ತೋರಿಸಿದ."